ಅಪ್‌ಡೇಟ್: ಅಂತರರಾಷ್ಟ್ರೀಯ ಸಂಬಂಧಗಳ ಪದವಿಗೆ ವಿದೇಶದಲ್ಲಿ ಕೆಲಸ ಸಿಕ್ಕಿತು

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಮಾಡಿದವರಿಗೆ ವಿದೇಶದಲ್ಲಿ ಕೆಲಸಕ್ಕೆ ದಾರಿ ಯಾವುದು ಅಂತ ಇಲ್ಲಿ ಕೇಳಿದ್ದೆ. ಕೊನೆಗೂ ಆಫರ್ ಲೆಟರ್ ಬಂತು!

ದಡ ಸೇರಿಸಿದ್ದು ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವಾದ ಯುಎನ್ ವಾಲಂಟಿಯರ್ಸ್‌ಗೆ ಅರ್ಜಿ ಹಾಕಿ ಅಂತ ನಿಮ್ಮಲ್ಲಿ ಕೆಲವರು ಕೊಟ್ಟ ಸಲಹೆ. ಅದರಲ್ಲಿ 27 ತುಂಬಿದವರಿಗೆ ಸ್ಪೆಷಲಿಸ್ಟ್ ವಿಭಾಗವಿದೆ, ಅನುಭವ ಕೇಳುತ್ತಾರೆ. ಕೊಡುವುದು ಸಂಬಳವಲ್ಲ, ಜೀವನ ಭತ್ಯೆ. ಮೊತ್ತ ಊರಿಂದ ಊರಿಗೆ ಬೇರೆ. ಉಳಿತಾಯದ ಲೆಕ್ಕ ಹಾಕುವವರು ಇದನ್ನು ಮೊದಲೇ ತಿಳಿದಿರಲಿ.

ವಿಶ್ವಸಂಸ್ಥೆಗೆ ಯುವ ಅಧಿಕಾರಿಗಳನ್ನು ಆರಿಸುವ ಯಂಗ್ ಪ್ರೊಫೆಷನಲ್ಸ್ ಪರೀಕ್ಷೆ ಕೈಗೂಡಲಿಲ್ಲ. 32ರ ವಯೋಮಿತಿ ಸರಿಯಿತ್ತು, ಆದರೆ ಯಾವ ದೇಶದವರು ಅರ್ಜಿ ಹಾಕಬಹುದು ಅನ್ನುವ ಆ ವರ್ಷದ ಪಟ್ಟಿಯಲ್ಲಿ ನಮ್ಮ ದೇಶವೇ ಇರಲಿಲ್ಲ. ಪಟ್ಟಿ ಪ್ರತಿವರ್ಷ ಬದಲಾಗುತ್ತದೆ, ನೋಡುತ್ತಿರಿ. ಜೆಪಿಒ (ಜೂನಿಯರ್ ಪ್ರೊಫೆಷನಲ್ ಆಫೀಸರ್, ಸರ್ಕಾರಗಳ ದುಡ್ಡಿನಲ್ಲಿ ನಡೆಯುವ ವಿಶ್ವಸಂಸ್ಥೆಯ ಕಿರಿಯ ಅಧಿಕಾರಿ ಹುದ್ದೆ) ದಾರಿಯೂ ಕಷ್ಟವೇ. ದುಡ್ಡು ಹಾಕುವ ಸರ್ಕಾರಗಳು ಹೆಚ್ಚಾಗಿ ತಮ್ಮ ಪ್ರಜೆಗಳನ್ನೇ ಕಳಿಸುತ್ತವೆ. 'ಮೊದಲು ಫ್ರೆಂಚ್ ಕಲಿ' ಅಂದವರ ಮಾತು ಸುಳ್ಳಲ್ಲ, ವಿಶ್ವಸಂಸ್ಥೆಯ ಕಚೇರಿಗಳಿರುವ ಜಿನೀವಾಕ್ಕೆ ಅದು ನಿಜಕ್ಕೂ ಬಲ. ನನಗೆ ಸಿಕ್ಕ ಹುದ್ದೆಗೆ ಮಾತ್ರ ಬೇಕಾಗಲಿಲ್ಲ.

ಅಚ್ಚರಿಯೆಂದರೆ, ಜಾಹೀರಾತುಗಳಲ್ಲಿ 'ಅಂತರರಾಷ್ಟ್ರೀಯ ಸಂಬಂಧಗಳ ತಜ್ಞ' ಅನ್ನುವ ಹುದ್ದೆ ಹುಡುಕಿದರೂ ಸಿಗುವುದು ಅಪರೂಪ. ಪ್ರೋಗ್ರಾಂ ಆಫೀಸರ್, ರಿಪೋರ್ಟಿಂಗ್ ಆಫೀಸರ್, ಪೊಲಿಟಿಕಲ್ ಅಫೇರ್ಸ್ ಅಂತ ಹುಡುಕಿ. ನನ್ನದು ರಿಪೋರ್ಟಿಂಗ್. ಯೋಜನೆಗಳಿಗೆ ಹಣ ಕೊಡುವ ದಾನಿ ದೇಶಗಳಿಗೆ ವರದಿ ಬರೆಯುವುದೇ ಮುಖ್ಯ ಕೆಲಸ. ರಾಜತಾಂತ್ರಿಕತೆಯ ಥಳುಕೇನೂ ಇಲ್ಲ.

ಇಂಟರ್‌ವ್ಯೂನಲ್ಲಿ ಸಿದ್ಧಾಂತದ ಸುದ್ದಿಯೇ ಬರಲಿಲ್ಲ. 'ತಂಡದಲ್ಲಿ ಜಗಳವಾದಾಗ ಏನು ಮಾಡಿದಿರಿ?' ಥರದ ಪ್ರಶ್ನೆಗಳೇ. ಸಂದರ್ಭ, ನೀವು ಮಾಡಿದ್ದು, ಫಲಿತಾಂಶ, ಈ ಕ್ರಮದಲ್ಲಿ ಹೇಳಿ ಅಂದಿದ್ದವರಿಗೆ ದೊಡ್ಡ ಥ್ಯಾಂಕ್ಸ್. ವೀಸಾ ಕೈಗೆ ಬಂದ ಮೇಲೆ ಉಳಿದ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.