ಗ್ರೈಂಡರ್ ಓಡುವ ಬಗೆ, ಹಿಟ್ಟಿನ ನುಣುಪು

ಪುಟ್ಟೀ, ಅತ್ತೆ ಮಾತನಾಡುತ್ತಿದ್ದೇನೆ. ಬೆಳಿಗ್ಗೆಯೇ ನಿನ್ನ ಸಂದೇಶ ನೋಡಿದೆ. ಇಷ್ಟನ್ನೆಲ್ಲ ಟೈಪ್ ಮಾಡಲು ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಹೇಳಿ ಕಳುಹಿಸುತ್ತಿದ್ದೇನೆ, ಎಲ್ಲರೂ ಕೇಳಿಸಿಕೊಳ್ಳಿ. ಗೃಹಪ್ರವೇಶಕ್ಕೆ ಬಂದಿದ್ದ ನಿನ್ನ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಧನ್ಯವಾದ ಬರೆಯುತ್ತಾ, ಕಾರ್ಯಕ್ರಮ ‘ವೆಂಟ್ ಸ್ಮೂತ್’ ಎನ್ನಬೇಕೋ ‘ವೆಂಟ್ ಸ್ಮೂತ್‌ಲಿ’ ಎನ್ನಬೇಕೋ ಎಂದು ಕೇಳಿದ್ದೀಯೆ. ನಿನ್ನ ದೊಡ್ಡಪ್ಪ ಎರಡೂ ನಡೆಯುತ್ತದೆ ಎಂದಿದ್ದಾರೆ. ಮಾತಿನಲ್ಲಿ ಇಂಗ್ಲಿಷಿನವರೂ ಒಮ್ಮೊಮ್ಮೆ ಹಾಗೆ ಅನ್ನುವುದುಂಟು, ಅಣ್ಣ ಹೇಳಿದ್ದು ತೀರಾ ತಪ್ಪಲ್ಲ. ಆದರೆ ಪತ್ರದಲ್ಲಿ ‘ಸ್ಮೂತ್‌ಲಿ’ ಎಂದೇ ಬರೆ.

ಈ ಗೊಂದಲ ಎಲ್ಲಿಂದ ಬಂತು ಗೊತ್ತೇ? ಮನೆಯಲ್ಲಿ ನಾವು ‘ಎಲ್ಲ ಸ್ಮೂತಾಗಿ ಹೋಯಿತು’ ಎನ್ನುತ್ತೇವಲ್ಲ, ಅಲ್ಲಿಂದ. ಆ ‘ಆಗಿ’ ಕನ್ನಡದ್ದು. ಇಂಗ್ಲಿಷಿಗೆ ಹೋಗುವಾಗ ಅದನ್ನು ಹೊಸ್ತಿಲಲ್ಲೇ ಕಳಚಿಟ್ಟು ಬರಿಯ ‘ಸ್ಮೂತ್’ ಒಯ್ಯುತ್ತೇವೆ. ಇಲ್ಲಿ ‘ಆಗಿ’ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ‘ಲಿ’ ಮಾಡಬೇಕು.

ಹಾಗೆಂದು ‘ಆಗಿ’ ಕಂಡಲ್ಲೆಲ್ಲ ‘ಲಿ’ ಅಂಟಿಸಬೇಡ. ‘ಈ ಸೀರೆ ನಯವಾಗಿದೆ’ ಎಂಬುದರಲ್ಲಿಯೂ ‘ಆಗಿ’ ಇದೆ, ಆದರೆ ಇಂಗ್ಲಿಷಿನಲ್ಲಿ ಸೀರೆ ‘ಸ್ಮೂತ್’ ಅಷ್ಟೇ. ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ಮಕ್ಕಳು ಎಡವುತ್ತಿದ್ದದ್ದು ಇಲ್ಲಿಯೇ. ಆಗ ನಾನು ದೋಸೆ ಹಿಟ್ಟನ್ನು ಮುಂದಿಡುತ್ತಿದ್ದೆ. ಗ್ರೈಂಡರಿನ ಕಲ್ಲು ಗಡಗಡ ಎನ್ನದೆ, ಎಲ್ಲಿಯೂ ಸಿಕ್ಕಿಕೊಳ್ಳದೆ ತಿರುಗುತ್ತಿದೆ. ಅದು ಓಡುತ್ತಿರುವುದು ‘ಸ್ಮೂತ್‌ಲಿ’. ನಡುವೆ ನಿಲ್ಲಿಸಿ ಉದ್ದಿನ ಹಿಟ್ಟನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡುತ್ತೀಯೆ, ತರಿ ತಗಲುವುದಿಲ್ಲ, ಹಿಟ್ಟು ‘ಸ್ಮೂತ್’. ಓಡಿದ ಬಗೆಗೆ ಒಂದು ಪದ, ಹಿಟ್ಟಿನ ಗುಣಕ್ಕೆ ಇನ್ನೊಂದು. ‘ನುಣ್ಣಗೆ ರುಬ್ಬು’ ಎಂದಾಗಲೂ ನಮ್ಮ ಮನಸ್ಸಿನಲ್ಲಿರುವುದು ಹಿಟ್ಟೇ. ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ‘ಅಂಟಿಲ್ ಸ್ಮೂತ್’ ಎಂದಿರುವುದು ಅದಕ್ಕೇ, ಅಲ್ಲಿ ‘ಲಿ’ ಬರುವುದಿಲ್ಲ. ಅಂದ ಹಾಗೆ, ಹೇಳುವಾಗ ಕೊನೆಯ ಧ್ವನಿ ‘ತ್’ ಅಲ್ಲ; ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿಗೆ ಮೆಲ್ಲಗೆ ತಾಗಿಸಿ ‘ಸ್ಮೂದ್’ ಎನ್ನುವ ಹಾಗೆ ಬರಬೇಕು. ಕನ್ನಡದಲ್ಲಿ ‘ಸ್ಮೂತ್’ ಎಂದು ಬರೆದು ಬರೆದು ನಮಗೆ ಅದೇ ರೂಢಿಯಾಗಿದೆ.

ನೀನು ಕೇಳದೇ ಇದ್ದ ಇನ್ನೊಂದು ಮಾತು ಹೇಳಲೇಬೇಕು. ಪತ್ರದ ಕೊನೆಯಲ್ಲಿ, ನೀವು ನಮ್ಮ ಅಜ್ಜಿಯ ಜೊತೆ ಕನ್ನಡದಲ್ಲಿ ಎಷ್ಟು ‘ಸ್ಮೂತ್‌ಲಿ’ ಮಾತನಾಡಿದಿರಿ ಎಂದು ಹೊಗಳಿದ್ದೀಯೆ. ಅದನ್ನು ತೆಗೆದುಬಿಡು. ವ್ಯಾಕರಣ ಸರಿಯಾಗಿದೆ, ಆದರೆ ಮನುಷ್ಯರ ಮಾತಿಗೆ ಆ ಪದ ತಗಲಿದರೆ ಸ್ವಲ್ಪ ಅನುಮಾನದ ವಾಸನೆ ಬರುತ್ತದೆ, ಎದುರಿನವರನ್ನು ಮರುಳು ಮಾಡುವ ಮಾತು ಎಂಬಂತೆ. ನಮ್ಮಲ್ಲಿಯೂ ‘ನಯ’ ಒಳ್ಳೆಯ ಪದವೇ, ಆದರೂ ‘ನಯವಂಚಕ’ ಎನ್ನುತ್ತೇವಲ್ಲ! ಪಾಪ, ಹೈದರಾಬಾದಿನಿಂದ ಬಂದವರು, ಕನ್ನಡ ಕಲಿತು ಅಮ್ಮನ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಮಾತನಾಡಿದರು. ಅವರಿಗೆ ‘ಫ್ಲೂಯೆಂಟ್‌ಲಿ’ ಎಂದು ಬರೆ. ಲ್ಯಾಟಿನ್‌ನಲ್ಲಿ ‘ಹರಿಯುವುದು’ ಎಂಬರ್ಥದ ಮಾತಿನಿಂದ ಬಂದ ಪದ ಅದು. ಕನ್ನಡದಲ್ಲಿ ಆ ಜಾಗಕ್ಕೆ ‘ನಿರರ್ಗಳವಾಗಿ’ ಇದೆ. ಅರ್ಗಳ ಎಂದರೆ ಬಾಗಿಲಿನ ಅಗುಳಿ. ಅಗುಳಿ ಇಲ್ಲದ ಬಾಗಿಲಿನಂತೆ ಮಾತು ತಡೆಯಿಲ್ಲದೆ ಬರುವುದು. ನನಗೆ ಬಹಳ ಪ್ರೀತಿಯ ಪದ.

ಊರಿನವರಿಗೆ, ಪುರೋಹಿತರಿಗೆ ಬರೆಯುವಾಗ ಮಾತ್ರ ಈ ‘ಸ್ಮೂತ್’ ಬೇಡ ಪುಟ್ಟೀ. ಗೃಹಪ್ರವೇಶ ‘ಸಾಂಗವಾಗಿ ನೆರವೇರಿತು’ ಎಂದು ಬರೆ. ಸ-ಅಂಗ, ಅಂದರೆ ಯಾವ ಅಂಗವೂ ಕೊರತೆಯಾಗದ ಹಾಗೆ. ವಾಸ್ತು ಹೋಮದಿಂದ ಹಾಲು ಉಕ್ಕಿಸುವವರೆಗೆ ನೀನು ಒಂದನ್ನೂ ಬಿಡದೆ ಮಾಡಿಸಿದ್ದನ್ನು ನಾನೇ ಕಂಡಿದ್ದೇನೆ.

ಪತ್ರ ತಿದ್ದಿ ಇಲ್ಲಿಗೇ ಹಾಕು. ಊಟ ಮುಗಿಸಿ ನೋಡುತ್ತೇನೆ.