ದೊಗಳೆ, ಬೆಲ್‌ಬಾಟಮ್, ಪ್ಯಾರಲಲ್, ಷರಾಯಿ: ಅಗಲ ಕಾಲಿನ ಪ್ಯಾಂಟಿಗೆ ಯಾವ ಪದ?

ಎಲ್ರಿಗೂ ನಮಸ್ಕಾರ,

ಒಂದು ಪದದ ವಿಷಯ ಕೇಳೋದಿತ್ತು, ಒಂದಲ್ಲ, ಎರಡು ಮೂರು ಅನ್ನಿ. ಕೋಲಾರದಲ್ಲಿ ನಮ್ಮ ಬೀದಿಯ ಹೆಂಗಸರಿಗೆ ಮನೇಲೇ ಹೊಲಿಗೆ ಹೇಳ್ಕೊಡ್ತೀನಿ. ಬ್ಲೌಸು, ಚೂಡಿದಾರ ಎಲ್ಲ ಮುಗಿದು ಈಗ ಹುಡುಗೀರು ಫೋನಲ್ಲಿ ಫೋಟೋ ತೋರ್ಸಿ ಇದನ್ನ ಹೊಲಿಯೋದು ಹೆಂಗೆ ಆಂಟಿ ಅಂತ ಕೇಳ್ತಿರೋದು ಹಳೇ ಕಾಲದ ಅಗಲ ಕಾಲಿನ ಪ್ಯಾಂಟು, ಅದೇ 1930ರ ದಶಕದಲ್ಲಿ ಹಾಲಿವುಡ್‌ನ ಮಾರ್ಲೀನ್ ಡೀಟ್ರಿಶ್, ಕ್ಯಾಥರೀನ್ ಹೆಪ್‌ಬರ್ನ್ ಹಾಕ್ತಿದ್ರಲ್ಲ, ಸೊಂಟಪಟ್ಟಿ ಹೊಕ್ಕುಳ ಮಟ್ಟಕ್ಕೆ ಕೂತು, ಸೀಟಿನ ತನಕ, ಅಂದ್ರೆ ಹಿಂಭಾಗದ ಅತಿ ಅಗಲದ ಜಾಗದ ತನಕ, ಮೈಗೆ ಹಿಡಿದು, ಅಲ್ಲಿಂದ ನೆಟ್ಟಗೆ ನೆಲಕ್ಕೆ ಇಳಿಯೋ ಅಂಥದ್ದು. ಇದರ ಕಟಿಂಗ್ ವಿಧಾನ ಕನ್ನಡದಲ್ಲೇ ಬರೆದು ಕೊಡೋಣ ಅಂತ ಕೂತೆ, ತಲೆಬರಹದಲ್ಲೇ ಗಾಡಿ ನಿಂತೋಯ್ತು.

ಎಲ್ರೂ ಹೇಳೋದು ದೊಗಳೆ ಪ್ಯಾಂಟು ಅಂತ. ನಂಗೆ ಒಪ್ಪಿಗೆ ಇಲ್ಲ. ದೊಗಳೆ ಅಂದ್ರೆ ಅಣ್ಣನ ಚಡ್ಡೀನ ತಮ್ಮನಿಗೆ ಹಾಕಿದಂಗೆ, ಅಳತೆ ತಪ್ಪಿ ಎಲ್ಲಾ ಕಡೆ ಜೋತಾಡೋದು. ಈ ಪ್ಯಾಂಟಿನ ಸೊಂಟ ಸ್ವಲ್ಪ ಸಡಿಲ ಆದ್ರೂ ಕೆಲಸ ಕೆಟ್ಟಂಗೇನೆ, ಯಾಕಂದ್ರೆ ಅಷ್ಟು ಬಟ್ಟೆಯ ಭಾರಾನ ಹೊರೋದೇ ಆ ಪಟ್ಟಿ. ಪಲಾಜೋ ಅಂತ ಅಂಗಡೀಲಿ ಮಾರ್ತಾರಲ್ಲ, ಇಟಾಲಿಯನ್ನಲ್ಲಿ ಆ ಪದಕ್ಕೆ ಅರಮನೆ ಅಂತ ಅರ್ಥ, ಅದು ಹೆಚ್ಚಾಗಿ ಎಲಾಸ್ಟಿಕ್ ಹಾಕಿ ಸೊಂಟದಿಂದಲೇ ಹರಡ್ಕೊಳ್ಳೋದು, ಅದೂ ಇದಲ್ಲ.

ಇನ್ನು ಬೆಲ್‌ಬಾಟಮ್. ನಮ್ಮಪ್ಪನ ವಯಸ್ಸಿನೋರು ಅಗಲ ಕಾಲು ಕಂಡ್ರೆ ಸಾಕು ಬೆಲ್‌ಬಾಟಮ್ ಅಂದುಬಿಡ್ತಾರೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ವಯಸ್ಸಾದ ಟೈಲರ್ ಒಬ್ರಿದಾರೆ, ಅವರ ಮುಂದೆ ನಾನೂ ಹಂಗೇ ಅಂದೆ ನೋಡಿ, ಕತ್ತರಿ ಕೆಳಗಿಟ್ಟು ಬಿಡಿಸಿ ಹೇಳಿದ್ರು: "ಬೆಲ್ ಬೇರೆ ಪ್ಯಾರಲಲ್ ಬೇರೆ ಕಣಮ್ಮ. ಬೆಲ್ಲಲ್ಲಿ ಮಂಡಿ ಸುತ್ತ 17 ಇಂಚು ಇಟ್ಟು ಬಾಟಮ್ 24 ಬಿಡೋದು. ಪ್ಯಾರಲಲ್ಲಲ್ಲಿ ಮಂಡಿ ಎಷ್ಟೋ ಬಾಟಮ್ಮೂ ಅಷ್ಟೇ." ಆಮೇಲೆ ಸೀಮೆಸುಣ್ಣ ತಗೊಂಡು ಟೇಬಲ್ ಮೇಲೇ ಎರಡು ಗೆರೆ ಎಳೆದು ತೋರ್ಸಿದ್ರು, ಒಂದು ಮಂಡಿ ಹತ್ರ ಒಳಕ್ಕೆ ಬಂದು ಆಚೆ ಹೋಗಿತ್ತು, ಇನ್ನೊಂದು ಸೀಟಿಂದ ಸೀದಾ ಕೆಳಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ಕೆಲಸಕ್ಕೆ ಇಳಿದ ಮೇಲೆ ಇಂಗ್ಲಿಷ್ ಆಫೀಸರ್‌ಗಳು, ಆಂಗ್ಲೋ ಇಂಡಿಯನ್ನರು ಬಂದು ಸೇರಿದ ಊರು ಅದು, 2001ರಲ್ಲಿ ಗಣಿ ಮುಚ್ತು, ಆದ್ರೆ ಪ್ಯಾಂಟಿನ ವಿಷಯದಲ್ಲಿ ಆ ಕಡೆಯ ಟೈಲರ್‌ಗಳ ಮಾತನ್ನ ನಾನಂತೂ ತೆಗೆದುಹಾಕಲ್ಲ.

ಅಂದ್ರೆ ಅಗಲ ಎಲ್ಲಿಂದ ಶುರು ಅನ್ನೋದರ ಮೇಲೆ ಹೆಸರು ನಿಂತಿದೆ. ಸೊಂಟದಿಂದ ಶುರುವಾದ್ರೆ ಪೈಜಾಮ, ಪಲಾಜೋ. ಮಂಡಿಯಿಂದ ಆದ್ರೆ ಬೆಲ್, ಅದು ಹಡಗಿನ ನಾವಿಕರ ಉಡುಪಾಗಿದ್ದು ಆಮೇಲೆ 70ರ ದಶಕದ ಫ್ಯಾಷನ್ ಆಗಿದ್ದು. ಸೀಟಿಂದ ಆದ್ರೆ ಪ್ಯಾರಲಲ್. 1920ರ ದಶಕದಲ್ಲಿ ಆಕ್ಸ್‌ಫರ್ಡ್ ಹುಡುಗರು ಹಾಕ್ತಿದ್ದ ಆಕ್ಸ್‌ಫರ್ಡ್ ಬ್ಯಾಗ್ಸೂ ಈ ಜಾತಿದೇ. ಹಂಗಾಗಿ ನನ್ನ ಓಟು ಪ್ಯಾರಲಲ್‌ಗೆ, ಇಂಗ್ಲಿಷ್ ಪದ ಆದ್ರೂ ಚಿಂತೆ ಇಲ್ಲ. ಸಮಾಂತರ ಷರಾಯಿ ಅಂತೆಲ್ಲ ದಯವಿಟ್ಟು ಯಾರೂ ಹೇಳ್ಬೇಡಿ, ಜಾಮಿಟ್ರಿ ಕ್ಲಾಸಲ್ಲಿ ಕೂತಂಗಾಗುತ್ತೆ.

ಷರಾಯಿ ಅಂದಾಗ ನೆನಪಾಯ್ತು, ಆ ಪದ ಪುಸ್ತಕದಲ್ಲಿ ಓದಿದೀನಿ ಹೊರತು ಹೊಲಿಗೆ ಅಂಗಡೀಲಿ ಯಾರ ಬಾಯಲ್ಲೂ ಕೇಳಿಲ್ಲ. ಚಲ್ಲಣ ಗಿಡ್ಡ ಆಯ್ತು. ಇಜಾರ ಅರಬ್ಬಿಯಿಂದ ಬಂದಿದ್ದು, ಅಲ್ಲಿ ಸೊಂಟಕ್ಕೆ ಸುತ್ತಿಕೊಳ್ಳೋ ಹೊಲಿಗೆ ಇಲ್ಲದ ಬಟ್ಟೆ, ಉರ್ದುಗೆ ಬಂದು ಹೊಲಿದ ಪೈಜಾಮ ಆಯ್ತು. ಇಜಾರ್‌ಬಂದ್ ಅಂದ್ರೆ ನಾವು ಲಾಡಿ ಅಂತೀವಲ್ಲ, ಅದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಗಳಲ್ಲಿ ಲಾಗು ಅಂತಾರೆ, ಅದು ಚಡ್ಡಿಗೂ ಸೈ ಪ್ಯಾಂಟಿಗೂ ಸೈ.

ಎರಡನೇದು, ಕಾಲಿನ ತುದಿಯ ಸುತ್ತಳತೆ. ಟೈಲರ್‌ಗಳು ಬಾಟಮ್ ಅಂತಾರೆ, ಸರಿ. ಆದ್ರೆ ಉರ್ದು ಮಾತಾಡೋ ಟೈಲರ್‌ಗಳು ಮೋರಿ ಅಂತಾರೆ. "ಮೋರಿ ಎಷ್ಟಿಡ್ಲಿ?" ಅಂದ್ರೆ ಹೊಸಬರು ಬೀದಿ ಕಡೆ ತಿರುಗಿ ನೋಡ್ತಾರೆ. ನನ್ನ ಹಾಳೇಲಿ ಬಾಟಮ್ ಅಂತಲೇ ಇಟ್ಟಿದೀನಿ, ಅಚ್ಚ ಕನ್ನಡದ್ದು ಯಾರ ಮನೇಲಾದ್ರೂ ಬಳಕೆಯಲ್ಲಿದ್ರೆ ತಿಳ್ಸಿ.

ನಿಜವಾಗಿ ತಲೆ ಕೆಡಿಸಿರೋದು ಮೂರನೇದು. ಸೊಂಟದಿಂದ ಕಾಲು ಕವಲೊಡೆಯೋ ತನಕದ ಆಳ. ಇಂಗ್ಲಿಷಲ್ಲಿ ರೈಸ್ ಅಂತಾರೆ, ಕೆಳಗಿಂದ ಮೇಲಕ್ಕೆ ಏರೋದು ಅನ್ನೋ ಲೆಕ್ಕ. ನಾವು ಅಳೆಯೋದು ಮೇಲಿಂದ ಕೆಳಕ್ಕೆ. ಗಟ್ಟಿ ಕುರ್ಚಿ ಮೇಲೆ ನೆಟ್ಟಗೆ ಕೂರಿಸಿ, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆ ತನಕ ಟೇಪ್ ಹಿಡಿದು, ಬಂದಿದ್ದಕ್ಕೆ ಒಂದಿಂಚು ಸೇರಿಸೋದು. ಈ ಹಳೇ ಮಾದರೀಲಿ ಸೊಂಟ ಮೇಲಿರೋದ್ರಿಂದ ಇವತ್ತಿನ ಜೀನ್ಸ್ ಅಳತೆ ಇಟ್ಕೊಂಡು ಕತ್ತರಿಸಿದ್ರೆ ಕೂತಾಗ ಹಿಡಿಯುತ್ತೆ, ಅದಕ್ಕೇ ಈ ಅಳತೆಗೆ ಒಂದು ಗಟ್ಟಿ ಹೆಸರು ಬೇಕು. ಹಿಂದಿ ಬಲ್ಲ ಟೈಲರ್‌ಗಳು ಆಸನ್ ಅಂತಾರೆ, ಕನ್ನಡದಲ್ಲಿ ಆಸನ ಅಂತ ಬರೆದ್ರೆ ಯೋಗದ ಪುಸ್ತಕ ಅಂದ್ಕೋತಾರೆ. ಸೀಟು ಅನ್ನೋಣ ಅಂದ್ರೆ ಅದು ಆಗ್ಲೇ ಹಿಂಭಾಗದ ಸುತ್ತಳತೆಗೆ ಹೋಗಿದೆ. ತೊಡೆಸಂದು ಅರ್ಥಕ್ಕೇನೋ ಸರಿ, ಆದ್ರೆ ಅಳತೆ ಕೊಡೋಕೆ ಬಂದ ಹುಡುಗಿ ಎದುರು ಆ ಮಾತು ಆಡೋಕಾಗಲ್ಲ, ಡಾಕ್ಟರ್ ಹತ್ರ ಸರಿಹೋಗ್ಬೋದು. ಸದ್ಯಕ್ಕೆ ಕೂತಳತೆ ಅಂತ ನಾನೇ ಬರ್ಕೊಂಡಿದೀನಿ, ಕುರ್ಚಿ ಮೇಲೆ ಕೂರಿಸಿ ತಗೊಳ್ಳೋದ್ರಿಂದ. ಕಿವಿಗೆ ಹೆಂಗಿದೆ ಹೇಳಿ.

ಉಳಿದ ಪದಗಳಿಗೇನೂ ತೊಂದ್ರೆ ಇಲ್ಲ. ಮುಂದಿನ ಎರಡು ಪ್ಲೀಟಿಗೆ ನೆರಿಗೆ ಅಂದ್ರೆ ಎಲ್ರಿಗೂ ಗೊತ್ತಾಗುತ್ತೆ, ಎಡಗಡೆ ಪಕ್ಕದಲ್ಲಿ ಬರೋ ಗುಂಡಿಗೆ ಕಾಜಾ ಇದ್ದೇ ಇದೆ. ಗ್ರೇನ್ ಅನ್ನೋದಕ್ಕೆ ಎಳೆ ಅಂತ ಬರೆದೆ, "ಬಟ್ಟೆಯ ಅಂಚಿಗೆ ಸಮನಾಗಿ ಎಳೆ ಹಿಡಿದು ಕತ್ತರಿಸಿ, ಇಲ್ದಿದ್ರೆ ತೊಳೆದ ಮೇಲೆ ಕಾಲು ತಿರುಚ್ಕೊಳ್ಳುತ್ತೆ" ಅಂತ, ಓದಿದೋರ್ಯಾರೂ ತಿರುಗಿ ಕೇಳ್ಲಿಲ್ಲ.

ಧಾರವಾಡ, ಕಲಬುರಗಿ, ಮಂಗಳೂರು ಕಡೆ ಹೊಲಿಗೆ ಗೊತ್ತಿರೋರು ಇದ್ರೆ ನಿಮ್ಮಲ್ಲಿ ಈ ಕೂತಳತೆಗೆ ಏನಂತಾರೆ ತಿಳ್ಸಿ, ಪ್ಯಾರಲಲ್ ಅಂದ್ರೆ ನಿಮ್ಮ ಟೈಲರ್‌ಗೂ ಅರ್ಥ ಆಗುತ್ತಾ ಅಂತಾನೂ ಒಂದ್ಸಲ ಕೇಳಿ ನೋಡಿ. ಹಾಳೆ ಶನಿವಾರ ಜೆರಾಕ್ಸ್‌ಗೆ ಕೊಡ್ಬೇಕು.