ಭಾನುವಾರದ ಪ್ರಶ್ನೋತ್ತರ: ಸೊಂಟ, ಮಂಡಿ, ಎದೆಯುರಿಗೆ ಆಸನ

ಅಡ್ಮಿನ್: ಅಡಿಕೆ ಕೊನೆಕೊಯ್ಲು ಮುಗೀತಾ ಬಂತು, ಊರೆಲ್ಲ ಸೊಂಟ ಹಿಡ್ಕೊಂಡು ಓಡಾಡ್ತಿದೆ. ಇವತ್ತು 5ರಿಂದ 7ರವರೆಗೆ ನಮ್ಮ ಗ್ರೂಪಿನ ಯೋಗಚಿಕಿತ್ಸೆ ಡಾಕ್ಟ್ರು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭಸಂಜೆ ಹೂವಿನ ಚಿತ್ರ ಹಾಕ್ಬೇಡಿ.

ಭದ್ರಾವತಿ ಅಂಕಲ್: ನಮಸ್ಕಾರ ಮೇಡಂ. ಊಟ ಆದ್ಮೇಲೆ ಎದೆಯುರಿ, ಹುಳಿತೇಗು. ವಜ್ರಾಸನ ಮಾಡಬಹುದಾ? ವಯಸ್ಸು 64. ಮಂಡಿನೋವೂ ಇದೆ.

ಡಾಕ್ಟ್ರು: ನಮಸ್ಕಾರ ಸಾರ್. ಮಂಡಿ ಸವೆದಿದ್ರೆ ವಜ್ರಾಸನ ಬೇಡ. ಕುರ್ಚಿ ಮೇಲೆ ಬೆನ್ನು ನೆಟ್ಟಗಿಟ್ಟು ಕೂತ್ರೂ ಹೊಟ್ಟೆಗೆ ಅಷ್ಟೇ ಆರಾಮ. ರಾತ್ರಿ ಊಟಕ್ಕೂ ಮಲಗೋದಕ್ಕೂ ಎರಡು-ಮೂರು ತಾಸು ಬಿಡಿ. ದಿಬ್ಬ ಹತ್ತುವಾಗ ಉರಿ ಬಂದ್ರೆ ಮಾತ್ರ ಗ್ಯಾಸ್ ಅಂತ ಕೂರಬೇಡಿ, ಮೊದಲು ಇಸಿಜಿ ಮಾಡಿಸಿ.

ಶಿಕಾರಿಪುರ: ‘11 ದಿನ ಸರ್ವಾಂಗಾಸನ, ಥೈರಾಯ್ಡ್ ಮಾತ್ರೆ ಕಸದಬುಟ್ಟಿಗೆ’ ಅಂತ ಬಂದಿದೆ. ನಿಜವಾ ಮೇಡಂ?

ಡಾಕ್ಟ್ರು: ಸುಳ್ಳು. ಕಸದಬುಟ್ಟಿಗೆ ಹಾಕಬೇಕಾದ್ದು ಆ ಮೆಸೇಜು. ಮಾತ್ರೆ ಬಿಡಬೇಡಿ.

ತೀರ್ಥಹಳ್ಳಿ: ಬಿಪಿಗೆ ಶೀರ್ಷಾಸನ ಒಳ್ಳೇದಂತೆ?

ಡಾಕ್ಟ್ರು: ಬಿಪಿ ಇರೋರಿಗೆ ತಲೆಕೆಳಗಾಗೋ ಆಸನ ಬೇಡ. ಗ್ಲಾಕೋಮಾ ಇದ್ರಂತೂ ಬೇಡವೇ ಬೇಡ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತೆ. ಬಿಪಿಗೆ ಮಾತ್ರೆ, ಉಪ್ಪಿನಲ್ಲಿ ಹಿಡಿತ, ಜೊತೆಗೆ ನಿಧಾನದ ಉಸಿರಾಟ, ಶವಾಸನ.

ಹೊಸನಗರದ ಅಕ್ಕ: ಮೇಡಂ, ನಮ್ಮನೆಯವರು ಅಡಿಕೆ ಮೂಟೆ ಎತ್ತುವಾಗ ಸೊಂಟ ಹಿಡೀತು. ಎಡಗಾಲಿಗೆ ಕರೆಂಟ್ ಹೊಡೆದ ಹಂಗೆ ನೋವು. ಗ್ರೂಪಲ್ಲಿ ಬಂದ ‘ಪಾದಹಸ್ತಾಸನ 21 ಸಲ’, ಅದೇ ನಿಂತು ಮುಂದಕ್ಕೆ ಬಗ್ಗಿ ಪಾದ ಮುಟ್ಟೋದು, ಒಂದು ವಾರ ಮಾಡಿದ್ರು. ಈಗ ನೋವು ಎಷ್ಟೋ ಕಮ್ಮಿ. ಆದ್ರೆ ನಿನ್ನೆಯಿಂದ ಎಡಗಾಲಿನ ಹವಾಯಿ ಚಪ್ಪಲಿ ನಿಲ್ತಿಲ್ಲ. ಅಂಗಳ ದಾಟೋದ್ರೊಳಗೆ ಎರಡು ಸಲ ಜಾರಿ ಹಿಂದೆ ಉಳೀತು. ಮುಂದೆ ಯಾವ ಆಸನ ಮಾಡಿಸ್ಲಿ?

ಡಾಕ್ಟ್ರು: ಅಕ್ಕಾ, ಯಾವುದೂ ಬೇಡ, ನಿಲ್ಲಿಸಿ. ಈಗಲೇ ಅವರನ್ನೇ ಕೇಳಿ ಹೇಳಿ. ಎಡಗಾಲಿನ ಹೆಬ್ಬೆರಳು ಮೇಲೆತ್ತೋಕೆ ಆಗುತ್ತಾ? ಕೂತಾಗ ನೆಲಕ್ಕೆ ತಾಗೋ ಜಾಗ ಜೋಮು ಹಿಡಿದಿದೆಯಾ? ಮೂತ್ರ ಸಲೀಸಾಗಿ ಹೋಗ್ತಿದೆಯಾ?

ಸಾಗರದ ಮೇಷ್ಟ್ರು: ಪಾದಹಸ್ತಾಸನ ಹಾಕಿದ್ದು ನಾನು. 20 ವರ್ಷದಿಂದ ಮಾಡ್ತಿದೀನಿ, ಏನೂ ಆಗಿಲ್ಲ. ಋಷಿಮುನಿಗಳು ಕೊಟ್ಟಿದ್ದು.

ಕೊಪ್ಪದ ತೋಟದವ್ರು: ಮಾರಾಯ್ರೆ, ಋಷಿಮುನಿಗಳು ಅಡಿಕೆ ಮೂಟೆ ಹೊತ್ತಿದ್ರಾ? ದಿನವಿಡೀ ಬಗ್ಗಿ ಕೆಲಸ ಮಾಡೋನಿಗೆ ಸಂಜೆ ಮತ್ತೆ ಬಗ್ಗು ಅಂದ್ರೆ ಎಂತ ಅರ್ಥ?

ಸಾಗರದ ಮೇಷ್ಟ್ರು: ದುಡಿಮೆ ಬೇರೆ, ಯೋಗ ಬೇರೆ. ಜೂನ್ 21ರಂದು ಜಗತ್ತೇ ಮಾಡುತ್ತೆ, ನಿಮಗೊಬ್ಬರಿಗೆ ಕಷ್ಟ.

ಕೊಪ್ಪದ ತೋಟದವ್ರು: ಕೋಲಾರದ ಬೆಳ್ಳೂರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ರೇ ಬಗ್ಗಲಾರದವರಿಗೆ ಕುರ್ಚಿ, ಹಗ್ಗ, ಕಂಬಳಿ ಕೊಟ್ಟು ಮಾಡಿಸ್ತಿದ್ರು. ನಿಮ್ಮ ಹಾಗೆ ಎಲ್ಲರಿಗೂ 21 ಅಂತ ಹಂಚಲಿಲ್ಲ.

ಶಿವಮೊಗ್ಗ ವಿನೋಬನಗರ: ಮೇಡಂ, ಮಗಳಿಗೆ 15. ತಾಡಾಸನ ಮಾಡಿದ್ರೆ ಎತ್ತರ ಆಗ್ತಾಳಾ?

ಹೊಸನಗರದ ಅಕ್ಕ: ಹೆಬ್ಬೆರಳು ಎತ್ತೋಕೆ ಆಗ್ತಿಲ್ಲ ಮೇಡಂ. ಕೂತ್ರೆ ದಪ್ಪ ಕಂಬಳಿ ಮೇಲೆ ಕೂತ ಹಂಗೆ ಅನ್ಸುತ್ತಂತೆ, ಬೆಳಿಗ್ಗೆಯಿಂದ. ಮೂತ್ರಕ್ಕೆ ಹೋದ್ರೆ ತುಂಬ ಹೊತ್ತು ನಿಲ್ಬೇಕಂತೆ. ನನ್ನ ಹತ್ರ ಹೇಳೇ ಇರ್ಲಿಲ್ಲ.

ಡಾಕ್ಟ್ರು: ಅಕ್ಕಾ, ಹೆದರಿಸ್ತಿಲ್ಲ, ಆದ್ರೆ ನಾಳೆ ಅಂತ ಇಟ್ಕೋಬೇಡಿ, ಈಗಲೇ ಹೊರಡಿ. ಬೆನ್ನುಮೂಳೆಗಳ ನಡುವಿನ ಡಿಸ್ಕು ಹಿಂದಕ್ಕೆ ಉಬ್ಬಿ ನರ ಒತ್ತಿರಬೇಕು. ಅಂಥವರು ಮುಂದಕ್ಕೆ ಬಗ್ಗಿದಷ್ಟೂ ಅದು ಇನ್ನಷ್ಟು ಹಿಂದಕ್ಕೆ ತಳ್ಳಿಸ್ಕೊಳ್ಳುತ್ತೆ. ನೋವು ಕಮ್ಮಿ ಆಯ್ತು ಅಂದ್ರಲ್ಲ, ನನಗೆ ದಿಗಿಲಾಗಿದ್ದು ಅಲ್ಲೇ. ನೋವು ಇಳಿದು ಕಾಲು ಸೋತ್ರೆ ಅದು ಗುಣ ಅಲ್ಲ, ನರ ಸುಮ್ಮನಾಗ್ತಿದೆ ಅಂತ. ಕೂತ ಜಾಗ ಜೋಮು, ಮೂತ್ರ ತಡೆ ಎರಡೂ ಸೇರಿದ್ರೆ ಬೆನ್ನುಹುರಿ ಕೆಳಗಿನ ನರಗಳ ಗೊಂಚಲೇ ಸಿಕ್ಕಿಕೊಂಡಿರಬಹುದು. ಎಂಆರ್‌ಐ ಆಗ್ಬೇಕು, ಆಪರೇಷನ್ ಬೇಕಾದ್ರೆ ಗಂಟೆಗಳ ಲೆಕ್ಕದಲ್ಲೇ ಆಗ್ಬೇಕು. ತಡ ಆದ್ರೆ ಮೂತ್ರದ ಹಿಡಿತ ವಾಪಸ್ ಬರೋದು ಕಷ್ಟ. ಬೈಕಲ್ಲಿ ಬೇಡ. ಕಾರಿನ ಸೀಟು ಹಿಂದಕ್ಕೆ ಒರಗಿಸಿ ಕೂರಿಸಿ, ಇಲ್ಲಾಂದ್ರೆ 108ಕ್ಕೆ ಫೋನ್ ಮಾಡಿ. ಎಣ್ಣೆ ತಿಕ್ಕೋದು, ಸೊಂಟ ತಿರುಗಿಸಿ ಲಟಕ್ ಅನ್ನಿಸೋದು ಯಾರೂ ಮಾಡಬಾರದು. ದಾರಿಯಲ್ಲಿ ಏನೂ ತಿನ್ನಿಸಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತುರ್ತು ವಿಭಾಗದಲ್ಲಿ ‘ಸೊಂಟನೋವು’ ಅಂತಷ್ಟೇ ಹೇಳಿದ್ರೆ ಸಾಲದು. ಪಾದ ಎತ್ತೋಕಾಗ್ತಿಲ್ಲ, ಕೂತ ಜಾಗ ಜೋಮು, ಮೂತ್ರ ಕಟ್ಟಿದೆ, ಈ ಮೂರನ್ನೂ ಮೊದಲ ಮಾತಲ್ಲೇ ಹೇಳಿ.

ಸಾಗರದ ಮೇಷ್ಟ್ರು: ಒಂದು ಆಸನಕ್ಕೆ ಇಷ್ಟೆಲ್ಲ ಆಗುತ್ತಾ? ಮೂಟೆ ಎತ್ತಿದ್ದಕ್ಕೆ ಆಗಿರೋದು.

ಡಾಕ್ಟ್ರು: ಶುರುವಾಗಿದ್ದು ಮೂಟೆಯಿಂದಲೇ ಇರಬಹುದು ಮೇಷ್ಟ್ರೇ. ವಾರ ಕಳೆದಿದ್ದು ನಿಮ್ಮ ಮೆಸೇಜಿನಿಂದ. ಆ ವಾರದಲ್ಲಿ ಯಾರಾದ್ರೂ ಅವರ ಕಾಲು ಮುಟ್ಟಿ ನೋಡಬಹುದಿತ್ತು.

ಸಾಗರದ ಮೇಷ್ಟ್ರು: ಒಳ್ಳೇದು ಮಾಡೋಕೆ ಹೋದ್ರೆ ಇದೇ ಮರ್ಯಾದೆ. ನಾನು ಗ್ರೂಪ್ ಬಿಡ್ತೀನಿ.

ಕೊಪ್ಪದ ತೋಟದವ್ರು: ಹೋಗೋ ಮುಂಚೆ ಆ ಮೆಸೇಜು ಅಳಿಸಿ ಹೋಗಿ.

ಅಡ್ಮಿನ್: ಇಬ್ಬರೂ ಸಾಕು. ಇನ್ನೊಂದು ಮಾತಾಡಿದ್ರೆ ತೆಗೀತೀನಿ.

ರಿಪ್ಪನ್‌ಪೇಟೆ: ಅಡಿಕೆ ಸುಲಿಯೋಕೆ ಕೂತೂ ಕೂತೂ ಕುತ್ತಿಗೆ ಹಿಡಿದಿದೆ ಮೇಡಂ. ಯಾವ ಆಸನ?

ಡಾಕ್ಟ್ರು: ಅರ್ಧ ಗಂಟೆಗೊಮ್ಮೆ ಎದ್ದು ಹೆಗಲು ಹಿಂದಕ್ಕೆ ಹತ್ತು ಸಲ ತಿರುಗಿಸಿ. ಅಷ್ಟೇ. ಕುತ್ತಿಗೆ ಗಿರಗಿರ ಸುತ್ತಿಸಬೇಡಿ.

ಶಿಕಾರಿಪುರ: ಹಾಗಾದ್ರೆ ಥೈರಾಯ್ಡಿಗೆ ಉಜ್ಜಾಯಿ ಪ್ರಾಣಾಯಾಮ?

ಡಾಕ್ಟ್ರು: ಮಾತ್ರೆ ತಗೊಂಡು ಮಾಡಿ.

ಡಾಕ್ಟ್ರು: ಹೊಸನಗರದ ಅಕ್ಕಾ, ಹೊರಟ್ರಾ?

ಡಾಕ್ಟ್ರು: ಅಡ್ಮಿನ್, ಅವರ ನಂಬರಿಗೆ ಒಂದು ಫೋನ್ ಮಾಡಿ.

ಹೊಸನಗರದ ಅಕ್ಕ: ಕಾರಲ್ಲಿದೀವಿ ಮೇಡಂ, ರಿಪ್ಪನ್‌ಪೇಟೆ ದಾಟಿದ್ವಿ. ಮೈದುನ ಓಡಿಸ್ತಿದಾನೆ. ಚಪ್ಪಲಿ ಮನೆಲೇ ಬಿಟ್ಟು ಬಂದ್ರು.

ಭದ್ರಾವತಿ ಅಂಕಲ್: ಮೇಡಂ, ವಜ್ರಾಸನದ ಬಗ್ಗೆ ಕೇಳಿದ್ದೆ. ಉತ್ತರ ಬರ್ಲಿಲ್ಲ.

ಡಾಕ್ಟ್ರು: ಮೇಲಿದೆ, ನೋಡಿ.